ಎಕ್ಸ್ ದರ್ಜೆ ಜ್ವಾಲೆ ಎದ್ದರೂ ಕಣ ಬರಲಿಲ್ಲ, ಸಿ ದರ್ಜೆಗೆ ಬಂದವು: ಯಾಕ?

ತೊಗರಿ ಕಣ, ಕಲಬುರಗಿ

ಸೂರ್ಯನ ಮ್ಯಾಲ ಏನರ ಸಿಡಿತು ಅಂದ್ರ ಸಾಕು, ಟಿವಿಯಾಗ, ವಾಟ್ಸಾಪಿನಾಗ ಮೂರು ಬ್ಯಾರೆ ಸಂಗತಿ ಒಂದೇ ಗಂಟಿನಾಗ ಕಟ್ಟಿ ಕೊಡ್ತಾರ. ಗಂಟು ಬಿಚ್ಚಿ ಮಾತಾಡೋಣು.

ಮೊದಲು ಬೆಳಕು. ಸೌರಜ್ವಾಲೆಯ ಎಕ್ಸ್-ಕಿರಣ 8 ನಿಮಿಷ 20 ಸೆಕೆಂಡಿಗಿ ಭೂಮಿ ಮುಟ್ಟತದ. ಎ, ಬಿ, ಸಿ, ಎಂ, ಎಕ್ಸ್ ಅಂಬೋ ದರ್ಜೆ ಈ ಬೆಳಕಿನ ಅಳತಿ ಮಾತ್ರ. 1ರಿಂದ 8 ಆಂಗ್‌ಸ್ಟ್ರಾಮ್ ಎಕ್ಸ್-ಕಿರಣ ಚದರ ಮೀಟರಿಗಿ ಎಷ್ಟು ವ್ಯಾಟ್ ಬಿತ್ತು ಅಂತ. ಎಕ್ಸ್1 ಅಂದ್ರ ಒಂದು ವ್ಯಾಟಿನ ಹತ್ತು ಸಾವಿರದ ಒಂದು ಪಾಲು. ಆಮ್ಯಾಲ ಕಣ: ಪ್ರೋಟಾನು, ಎಲೆಕ್ಟ್ರಾನು, ಹೀಲಿಯಂ, ಕಬ್ಬಿಣದ ತನಕ. ಇವು ಹತ್ತು ನಿಮಿಷದಿಂದ ಹಿಡಿದು ತಾಸುಗಟ್ಟಲೆ ತಗೋತಾವ. ಕಡೀಕ ಪ್ಲಾಸ್ಮಾದ (ವಿದ್ಯುದಂಶ ಇರೋ ಬಿಸಿ ಅನಿಲದ) ಮೋಡ, ಅಂದ್ರ ಸಿಎಂಇ. ಅದು ಬರ್ಲಿಕ್ಕ ಸಾಧಾರಣ ಒಂದರಿಂದ ಮೂರು ದಿನ ಬೇಕು.

ಬೆಳಕಿನ ದರ್ಜೆ ನೋಡಿ ಕಣದ ಲೆಕ್ಕ ಹೇಳೋರು ಪ್ರತಿ ಸಲ ಎಡವತಾರ. 2014ರ ಅಕ್ಟೋಬರ್ ನೋಡ್ರಿ. ಸೂರ್ಯನ ಮ್ಯಾಲ 12192 ನಂಬರಿನ ಕಲೆ, 1990ರ ನಂತರ ಕಂಡಿದ್ದರಾಗ ಅತಿ ದೊಡ್ಡದು. ಆರು ಎಕ್ಸ್ ದರ್ಜೆ ಜ್ವಾಲೆ ಬಂದವು, ಒಂದು ಎಕ್ಸ್3.1. ಕಣದ ಬಿರುಗಾಳಿ ಮಾತ್ರ ಬರಲಿಲ್ಲ. ಒಂದು ವರ್ಷ ಮೊದಲು, 2013ರ ಸೆಪ್ಟೆಂಬರ್ 29ಕ್ಕ, ಕಲೆಯೇ ಇಲ್ಲದ ಜಾಗದಾಗ ಒಂದು ಉದ್ದನ ಫಿಲಮೆಂಟ್ (ಕಾಂತರೇಖೆಯಾಗ ತೂಗೋ ತಣ್ಣನ ಪ್ಲಾಸ್ಮಾದ ಎಳಿ) ಕಿತ್ತಕೊಂಡು ಹೋಯಿತು. ಜ್ವಾಲೆ ಬರೇ ಸಿ ದರ್ಜೆ. ಆದ್ರ ಪ್ರೋಟಾನಿನ ಬಿರುಗಾಳಿ ಎಸ್2 ಮಟ್ಟಕ್ಕ (ಎಸ್1ರಿಂದ ಎಸ್5ರ ತನಕದ ಕಣದ ಅಳತಿಯಾಗ ಎರಡನೇದು) ಏರಿತು.

ಹಂಗಾದ್ರ ಕಣಕ್ಕ ವೇಗ ಕೊಡೋದು ಯಾವುದು? ಎಲ್ಲಿ ಕೊಡತದ? ಯಾವಾಗ ನಮ್ಮ ಕಡಿ ಬರ್ತಾವ, ಯಾವಾಗ ಬರಂಗಿಲ್ಲ? ಗೊತ್ತಿದ್ದೋರು ಅಂಕಿ ಸಮೇತ ಬರೀರಿ. (ಸುಗ್ಗಿ ಕಣದ ಜೋಕು ಬ್ಯಾಡ್ರಿ, ಹೆಸರು ಇಟ್ಟಾಗಿಂದ ಕೇಳಲಿಕತ್ತೀನಿ.)

ಬಿದ್ರಿ ಕುಸುರಿ, ಬೀದರ್

ವೇಗ ಕೊಡೋ ಯಂತ್ರ ಎರಡು ಅವ ಸರ. ಮೊದಲನೇದು ಜ್ವಾಲೆಯೊಳಗಿಂದು.

ವಿರುದ್ಧ ದಿಕ್ಕಿನ ಕಾಂತರೇಖೆ ಎದುರುಬದುರು ಒತ್ತಿದಾಗ ನಡುವ ತೆಳ್ಳನ ವಿದ್ಯುತ್ ಹಾಳೆ ಹುಟ್ಟತದ. ಅಲ್ಲಿ ರೇಖೆ ಹರಿದು ಬ್ಯಾರೆ ಜೋಡಿ ಕಟ್ಟತಾವ, ಮರುಜೋಡಣೆ ಅಂತಾರ. ಹೊಸದಾಗಿ ಕೂಡಿದ ರೇಖೆ ಎಳದಬಿಟ್ಟ ರಬ್ಬರಿನಂಗ ಮುದುಡತಾವ. ಒಳಗ ಸಿಕ್ಕ ಕಣ ಆ ಮುದುಡೋ ಸುರುಳಿಯ ಎರಡೂ ತುದಿಗಿ ಬಡದು ಬಡದು ವೇಗ ಗಳಿಸತಾವ. ಜೊತಿಗಿ ಹಾಳೆಯೊಳಗಿನ ವಿದ್ಯುತ್ ಕ್ಷೇತ್ರ, ಹಾಳೆ ಒಡೆದಾಗ ಏಳೋ ಅಲೆ, ಎಲ್ಲಾ ಕೈ ಹಾಕತಾವ. ಒಂದೇ ಕಾರಣ ಅಂತ ಬೊಟ್ಟು ಮಾಡಿ ತೋರಸಲಿಕ್ಕ ಆಗಂಗಿಲ್ಲ. ಸೆಕೆಂಡುಗಳೊಳಗ ಎಲೆಕ್ಟ್ರಾನ್ ಹತ್ತಾರು, ನೂರಾರು ಕೆಇವಿ ಮುಟ್ಟತಾವ. (ಕೆಇವಿ ಅಂದ್ರ ಕಣದ ಶಕ್ತಿಯ ಅಳತಿ. ಸಾವಿರ ಕೆಇವಿಗಿ ಒಂದು ಎಂಇವಿ, ಸಾವಿರ ಎಂಇವಿಗಿ ಒಂದು ಜಿಇವಿ.)

ಈಗ ಮುಖ್ಯ ಮಾತು. ಈ ಕಣದಾಗ ಭಾಳಷ್ಟು ಭೂಮಿ ಕಡಿ ಬರಂಗಿಲ್ಲ. ಕಮಾನಿನಂಥ ಮುಚ್ಚಿದ ರೇಖೆ ಗುಂಟ ಕೆಳಗ ಇಳದು ಸೂರ್ಯನ ದಟ್ಟ ಪದರಕ್ಕೇ ಬಡೀತಾವ. ಆ ಬಡಿತದ ಗುರುತೇ ಕಠಿಣ ಎಕ್ಸ್-ಕಿರಣ, ಆಮ್ಯಾಲ 2.223 ಎಂಇವಿ ಗಾಮಾ ರೇಖೆ. ಈ ರೇಖೆ ಹುಟ್ಟೋದು ನ್ಯೂಟ್ರಾನನ್ನ ಹೈಡ್ರೋಜನ್ ನುಂಗಿದಾಗ. ಆದಿತ್ಯ-ಎಲ್1ರ ಹೆಲಿಯೋಸ್ ಉಪಕರಣ 8ರಿಂದ 150 ಕೆಇವಿ ತನಕ ಈ ಕಠಿಣ ಎಕ್ಸ್-ಕಿರಣ ಅಳೀತದ.

ಹೊರಗ ಬರೋದು ಹತ್ತಿರದಾಗ ಒಂದು ತೆರೆದ ರೇಖೆ ಇದ್ದರ ಮಾತ್ರ. ಹಂಗ ಹೊಂಟ ಎಲೆಕ್ಟ್ರಾನ್ ದಾರಿಯುದ್ದಕ್ಕೂ ಮೂರನೇ ಬಗೆಯ ರೇಡಿಯೋ ಸ್ಫೋಟ ಎಬ್ಬಿಸತಾವ, ಕೆಲವೇ ಸೆಕೆಂಡಿನಾಗ ಮೇಲಿನ ಆವರ್ತನದಿಂದ ಕೆಳಗ ಜಾರೋ ಗೆರಿ. 12192ರ ಜ್ವಾಲೆ ಬಿಗಿಯಾದ ಕಮಾನಿನ ಕೆಳಗ ಸಿಕ್ಕೊಂಡವು. ಮ್ಯಾಲಿನ ಕ್ಷೇತ್ರ ಮುಚ್ಚಳದಂಗ ಕೂತಿತ್ತು, ಸಿಎಂಇ ಹೊರಗ ಬೀಳಲಿಲ್ಲ. ಪ್ರೆಶರ್ ಕುಕ್ಕರ್ ಒಳಗೇ ಕುದೀತು, ಸೀಟಿ ಹೊಡೀಲಿಲ್ಲ.

ಭೀಮಾ ದಂಡಿ, ಯಾದಗಿರಿ

ಎರಡನೆಯ ಯಂತ್ರ ಸಿಎಂಇ ಮುಂದೆ ಓಡುವ ಆಘಾತ ತರಂಗ. ದೊಡ್ಡ ಪ್ರೋಟಾನ್ ಬಿರುಗಾಳಿಗಳಿಗೆ ಇದೇ ಮುಖ್ಯ ಮೂಲ.

ಸಿಎಂಇ ಇದ್ದರೆ ಸಾಲದು, ಸುತ್ತಲಿನ ಪ್ಲಾಸ್ಮಾದಲ್ಲಿ ಕಾಂತೀಯ ಅಲೆ ಓಡುವ ವೇಗಕ್ಕಿಂತ ಅದು ಜೋರಾಗಿ ಓಡಬೇಕು. ಕರೋನಾದಲ್ಲಿ (ಸೂರ್ಯನ ಹೊರ ವಾತಾವರಣದಲ್ಲಿ) ಆ ಮಿತಿ ಜಾಗದಿಂದ ಜಾಗಕ್ಕೆ ಸೆಕೆಂಡಿಗೆ ಕೆಲವು ನೂರರಿಂದ ಸಾವಿರ ಕಿ.ಮೀ. ದಾಟುವವರೆಗೆ ಇರುತ್ತದೆ. ಆದ್ದರಿಂದ 400 ಕಿ.ಮೀ./ಸೆ. ಸಿಎಂಇ ಕಣದ ಲೆಕ್ಕದಲ್ಲಿ ಬಹುತೇಕ ಸಪ್ಪೆ. ನೆಲಮಟ್ಟದ ಯಂತ್ರಗಳಿಗೂ ಕಾಣುವಂಥ ಘಟನೆಗಳ ಹಿಂದೆ ಇರುವ ಸಿಎಂಇಗಳು ಸಾಮಾನ್ಯವಾಗಿ 2,000 ಕಿ.ಮೀ./ಸೆ. ಆಸುಪಾಸಿನವು.

ಕಣಕ್ಕೆ ವೇಗ ಸಿಗುವ ಬಗೆ ಪಂಚಮಿ ಜೋಕಾಲಿಯಂತೆ. ಒಂದೇ ಸಲ ಮುಗಿಲಿಗೆ ಹಾರಿಸುವುದಿಲ್ಲ. ಪ್ರತಿ ಸಲ ಸ್ವಲ್ಪ ನೂಕು, ಜೋಕಾಲಿಯಲ್ಲಿ ಕೂತವರು ಕೂತೇ ಇದ್ದರೆ ಮತ್ತೊಂದು ನೂಕು. ಆಘಾತದ ಮುಂದೆ ಹಿಂದೆ ಎರಡೂ ಕಡೆ ಕಾಂತೀಯ ಅಲೆಗಳಿವೆ. ಕಣ ಅವಕ್ಕೆ ಬಡಿದು ತಿರುಗಿ ತಿರುಗಿ ಆಘಾತವನ್ನು ದಾಟುತ್ತದೆ, ಪ್ರತಿ ಸುತ್ತಿಗೂ ಇಷ್ಟಿಷ್ಟು ಗಳಿಸುತ್ತದೆ.

ಅಂಕಿ ಬೇಕೆಂದಿರಿ. ಆಘಾತ ಎದುರಿನ ಗಾಳಿಗಿಂತ 2,000 ಕಿ.ಮೀ./ಸೆ. ಹೆಚ್ಚು ಓಡುತ್ತಿದೆ, ಪ್ಲಾಸ್ಮಾವನ್ನು ನಾಲ್ಕು ಪಟ್ಟು ಒತ್ತುತ್ತಿದೆ ಎನ್ನಿ. ಹೀಗೆ ಒತ್ತುವ ಅನುಪಾತದ ಗರಿಷ್ಠ ಮಿತಿಯೇ 4. ಆಗ ಆಘಾತದ ಎರಡು ಬದಿಯ ವೇಗದ ಅಂತರ 1,500. ಒಂದು ಪೂರ್ಣ ಸುತ್ತಿಗೆ ಕಣಕ್ಕೆ ಸಿಗುವುದು ಇದರ ಮೂರನೇ ನಾಲ್ಕು ಭಾಗ, ಅಂದರೆ ಸುಮಾರು 2,000 ಕಿ.ಮೀ./ಸೆ. 1 ಎಂಇವಿ ಪ್ರೋಟಾನಿನ ವೇಗ ಸುಮಾರು 13,800 ಕಿ.ಮೀ./ಸೆ. ಅದಕ್ಕೆ ಇದು ಶೇ. 14ರಷ್ಟು ಲಾಭ. ಸಾಪೇಕ್ಷತೆಯ ತಿದ್ದುಪಡಿ ಸೇರಿಸಿ ಲೆಕ್ಕ ಹಾಕಿದರೆ 1ರಿಂದ 100 ಎಂಇವಿಗೆ ಏರಲು ಸುಮಾರು 62 ಸುತ್ತು ಬೇಕು.

ಕಡಗಂಚಿ ಕ್ರಾಸ್

ಅಕ್ಕಾವ್ರೇ, ಲೆಕ್ಕ ಸರಿ ಇದೆ, ಜೋಕಾಲಿ ಉಪಮೆಗೆ ಮಾತ್ರ ತಕರಾರು. ಜೋಕಾಲಿ ಏರುವುದು ಸರಿಯಾದ ಹೊತ್ತಿಗೆ ನೂಕಿದರೆ, ಲಯ ತಪ್ಪಿದರೆ ಇಳಿಯುತ್ತದೆ. ಇಲ್ಲಿ ಲಯದ ಪ್ರಶ್ನೆಯೇ ಇಲ್ಲ. ಎರಡು ಗೋಡೆ ಒಂದನ್ನೊಂದು ಸಮೀಪಿಸುತ್ತಿವೆ, ನಡುವೆ ಚೆಂಡು ಪುಟಿಯುತ್ತಿದೆ. ಯಾವಾಗ ಬಡಿದರೂ ಎದುರಿಗೆ ಬರುವ ಗೋಡೆಗೇ ಬಡಿಯುತ್ತದೆ, ಆದ್ದರಿಂದ ಲಾಭವೇ. ಫರ್ಮಿ 1949ರಲ್ಲಿ ಮೊದಲು ಹೇಳಿದ್ದು ಅಡ್ಡಾದಿಡ್ಡಿ ಚಲಿಸುವ ಮೋಡಗಳ ಬಗ್ಗೆ. ಅಲ್ಲಿ ಎದುರು ಬಡಿತವೂ ಇದೆ, ಹಿಂಬದಿಯ ಬಡಿತವೂ ಇದೆ, ಲಾಭ ತೀರ ಕಡಿಮೆ. ಆಘಾತದಲ್ಲಿ ಎರಡು ಬದಿಯೂ ಒಳಮುಖ, ಅದಕ್ಕೇ ಕೆಲಸ ಬೇಗ.

ನಷ್ಟದ ಕಡೆಯನ್ನೂ ಸೇರಿಸಿ. ಅದೇ 1 ಎಂಇವಿ ಪ್ರೋಟಾನುಗಳಲ್ಲಿ ಪ್ರತಿ ಸುತ್ತಿಗೆ ನೂರಕ್ಕೆ ಸುಮಾರು 14 ಕಣ ಆಘಾತದ ಹಿಂದೆ ಕೊಚ್ಚಿಹೋಗಿ ವಾಪಸ್ ಬರುವುದೇ ಇಲ್ಲ. ಲಾಭ ಇಷ್ಟು, ಸೋರಿಕೆ ಇಷ್ಟು ಎಂಬ ಈ ಎರಡರ ಅನುಪಾತವೇ ಶಕ್ತಿವಾರು ಹಂಚಿಕೆಯ ಇಳಿಜಾರನ್ನು ನಿರ್ಧರಿಸುತ್ತದೆ. ಪ್ಲಾಸ್ಮಾವನ್ನು ಒತ್ತುವ ಅನುಪಾತಕ್ಕೆ 2 ಕೂಡಿಸಿ, ಅನುಪಾತದಲ್ಲಿ 1 ಕಳೆದು ಎರಡು ಪಟ್ಟು ಮಾಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 4ಕ್ಕೆ 1 ಬರುತ್ತದೆ, 3ಕ್ಕೆ 1.25, 2.5ಕ್ಕೆ 1.5. ಈ ಸಂಖ್ಯೆ ಚಿಕ್ಕದಾದಷ್ಟೂ ಮೇಲಿನ ಶಕ್ತಿಯ ಕಣ ಹೆಚ್ಚು. ಕಣದ ವೇಗ ಬೆಳಕಿಗೆ ಹತ್ತಿರವಾದಾಗ ಈ ಸೂತ್ರ ನಡೆಯುವುದಿಲ್ಲ.

ಇನ್ನೊಂದು ಅಂಶ ಬಹಳ ಜನ ಬಿಡುತ್ತಾರೆ. ಆಘಾತದ ಮುಂದಿನ ಅಲೆಗಳು ಎಲ್ಲಿಂದ ಬಂದವು? ಹೊರಗೆ ಓಡುವ ಪ್ರೋಟಾನುಗಳೇ ಅವನ್ನು ಎಬ್ಬಿಸುತ್ತವೆ. ಮೊದಲು ಓಡಿದವು ಹಿಂದಿನವುಗಳ ದಾರಿಗೆ ಬೇಲಿ ಹಾಕುತ್ತವೆ, ಬೇಲಿಯಿಂದಾಗಿ ಹಿಂದಿನವು ಆಘಾತದ ಹತ್ತಿರವೇ ಉಳಿದು ಇನ್ನಷ್ಟು ಸುತ್ತು ಹೊಡೆಯುತ್ತವೆ. ಆಘಾತ ಭೂಮಿಯಿಂದ ದೂರ ಇರುವಾಗ ಕಣದ ಹರಿವು ಒಂದು ಮಟ್ಟಕ್ಕೆ ಏರಿ ಅಲ್ಲೇ ಚಪ್ಪಟೆಯಾಗಿ ನಿಲ್ಲುವುದು ಇದೇ ಬೇಲಿಯಿಂದ.

ಭೀಮಾ ದಂಡಿ, ಯಾದಗಿರಿ

ಒಪ್ಪಿದೆ. ಗೋಡೆಯೇ ಸರಿ, ಜೋಕಾಲಿ ಪಂಚಮಿಗೇ ಇರಲಿ.

ಅಪ್ಪನ ಕೆರಿ, ಕಲಬುರಗಿ

ಬಂದ ಕಣ ನೋಡಿ, ಇದು ಜ್ವಾಲೆಯಿಂದ ಬಂದಿದ್ದು, ಇದು ಆಘಾತದಿಂದ ಬಂದಿದ್ದು ಅಂತ ಹೆಂಗ ಗುರುತ ಹಿಡೀತಾರ್ರಿ? ಕಣಕ್ಕ ಹೆಸರ ಬರದಿರ್ತದೇನು?

ಬಿದ್ರಿ ಕುಸುರಿ, ಬೀದರ್

ಬರದಿರ್ತದ್ರಿ, ಹೆಚ್ಚು ಕಮ್ಮಿ. ಮೂರು ಗುರುತು.

ಹೀಲಿಯಂ-3. ಸೌರಗಾಳಿಯಾಗ ಹೀಲಿಯಂ-4ರ ಎರಡು ಸಾವಿರಕ್ಕ ಒಂದರಷ್ಟು ಇರ್ತದ. ಜ್ವಾಲೆಯಿಂದ ಬಂದ ಸಣ್ಣ ಘಟನೆಯಾಗ ಅದು ಸಾವಿರ ಪಟ್ಟು ಹೆಚ್ಚಾಗಿ, ಕೆಲವು ಸಲ ಹೀಲಿಯಂ-4ಕ್ಕ ಸರಿಸಮ ನಿಲ್ಲತದ. ಅಲೆಯ ಆವರ್ತನ ಹೀಲಿಯಂ-3ರ ಸುತ್ತೋ ಆವರ್ತನಕ್ಕ ಹೊಂದಿಕೊಂಡು ಅದನ್ನೇ ಆರಿಸಿ ಎತ್ತತದ ಅನ್ನೋದು ಬಲವಾದ ವಿವರಣೆ. (ಲಯದ ಜೋಕಾಲಿ ಬೇಕಾದ್ರ ಇಲ್ಲಿ ಕಟ್ಟಬಹುದು ಅಕ್ಕಾವ್ರೆ.)

ಕಬ್ಬಿಣ. ಜ್ವಾಲೆಯ ಕಣದಾಗ ಕಬ್ಬಿಣ-ಆಕ್ಸಿಜನ್ ಅನುಪಾತ ಸುಮಾರು 1, ಆಘಾತದ ಕಣದಾಗ ಸುಮಾರು 0.1. ಎಲೆಕ್ಟ್ರಾನ್ ಎಷ್ಟು ಕಳಕೊಂಡದ ಅಂಬೋದೂ ಮುಖ್ಯ. ಜ್ವಾಲೆಯ ಕಡಿಂದ ಬಂದ ಕಬ್ಬಿಣ ಸುಮಾರು 20 ಕಳಕೊಂಡಿರ್ತದ, ಆಘಾತದ್ದು 14ರ ಆಸುಪಾಸು. ಅಂದ್ರ ಎರಡನೇದು ಒಂದೆರಡು ದಶಲಕ್ಷ ಡಿಗ್ರಿಯ ಸಾದಾ ಕರೋನಾದಿಂದ ಎದ್ದದ್ದು.

ಹೊತ್ತು ಮತ್ತು ಹರವು. ಜ್ವಾಲೆಯದು ತಾಸುಗಳಾಗ ಮುಗೀತದ, ಸೂರ್ಯನ ಸುತ್ತ ಸಣ್ಣ ಕೋನದೊಳಗ. ಆಘಾತದ್ದು ದಿನಗಟ್ಟಲೆ, ಸೂರ್ಯನ ಅರ್ಧ ಸುತ್ತಿಗೂ ಹರಡತದ. ರೇಡಿಯೋದಾಗ ಮೊದಲನೇದಕ್ಕ ಮೂರನೇ ಬಗೆ, ಎರಡನೇದಕ್ಕ ನಿಧಾನ ಜಾರೋ ಎರಡನೇ ಬಗೆ. ಚಿಕ್ಕಬಳ್ಳಾಪುರ ಜಿಲ್ಲಾದ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ ಎರಡನ್ನೂ ದಾಖಲ ಮಾಡತದ.

ಕಡಗಂಚಿ ಕ್ರಾಸ್

ಇದು ಪಾಠದ ಎರಡು ಡಬ್ಬಿ. ವಾಸ್ತವದಲ್ಲಿ ದೊಡ್ಡ ಘಟನೆಗಳಲ್ಲಿ ಎರಡೂ ಬೆರೆಯುತ್ತವೆ. ಆಘಾತಕ್ಕೆ ಬೀಜ ಬೇಕು: ತಣ್ಣನೆಯ ಪ್ರೋಟಾನು ಮೊದಲ ಸುತ್ತನ್ನೇ ಹೊಡೆಯಲಾರದು, ಅಷ್ಟಿಷ್ಟು ವೇಗ ಮೊದಲೇ ಇದ್ದವು ಮಾತ್ರ ಒಳಗೆ ಸೇರುತ್ತವೆ. ಹಿಂದಿನ ಸಣ್ಣ ಜ್ವಾಲೆಗಳು ಬಿಟ್ಟುಹೋದ ಕಣಗಳೂ ಆ ಬೀಜದಲ್ಲಿ ಸೇರುತ್ತವೆ. ಕೆಲವು ತಾಸಿನ ಅಂತರದಲ್ಲಿ ಒಂದೇ ಜಾಗದಿಂದ ಎರಡು ಸಿಎಂಇ ಹೊರಟರೆ ಎರಡನೆಯದು ಹೆಚ್ಚು ಕಣ ಎಬ್ಬಿಸುವ ಸಂಭವ ಜಾಸ್ತಿ: ನೆಲ ಹದವಾಗಿದೆ, ಬೀಜವೂ ಬಿದ್ದಿದೆ.

ಎಲೆಕ್ಟ್ರಾನುಗಳಲ್ಲಿ ಈ ವಿಂಗಡಣೆ ಇತ್ತೀಚೆಗೆ ಸ್ಪಷ್ಟವಾಯಿತು. ಸೋಲಾರ್ ಆರ್ಬಿಟರ್ ನೌಕೆ 2020ರ ನವೆಂಬರ್‌ನಿಂದ 2022ರ ಡಿಸೆಂಬರ್‌ವರೆಗೆ 300ಕ್ಕೂ ಹೆಚ್ಚು ಎಲೆಕ್ಟ್ರಾನ್ ಘಟನೆ ಹಿಡಿಯಿತು. ಥಟ್ಟನೆ ಬರುವವು ಜ್ವಾಲೆಗೆ, ನಿಧಾನ ಉಬ್ಬುವವು ಸಿಎಂಇಗೆ ತಾಳೆಯಾದವು. ಸೂರ್ಯನಿಗೆ ಹತ್ತಿರದಿಂದ ನೋಡಿದ್ದರಿಂದ ದಾರಿಯಲ್ಲಿ ಚೆದುರಿ ಕಲಸಿಹೋಗುವ ಮೊದಲೇ ಸಿಕ್ಕವು. ಭೂಮಿಯ ಹತ್ತಿರ ಕಾಣುವ ತಡದಲ್ಲಿ ಒಂದು ಪಾಲು ಹೊರಡುವಾಗಿನದಲ್ಲ, ದಾರಿಯದು.

ತೊಗರಿ ಕಣ, ಕಲಬುರಗಿ

ದಾರಿ ಅಂದ್ರಿ, ಈಗ ಅದರ ಲೆಕ್ಕ. ಯಾರರ ಕಾಗದ ಪೆನ್ನಿನಾಗ ಮಾಡೋ ಹಂಗ ಬರೀರಿ.

ಭೀಮಾ ದಂಡಿ, ಯಾದಗಿರಿ

ಸೂರ್ಯ ತಿರುಗುತ್ತ ಗಾಳಿ ಬಿಡುತ್ತಾನೆ. ಗಾಳಿಯೊಂದಿಗೆ ಕಾಂತರೇಖೆಯೂ ಎಳೆದುಕೊಂಡು ಬರುವುದರಿಂದ ಅದು ಚಕ್ಕುಲಿ ಒತ್ತಿದ ಹಾಗೆ ಸುರುಳಿಯಾಗುತ್ತದೆ. ವಿದ್ಯುದಂಶ ಇರುವ ಕಣ ರೇಖೆಯ ಗುಂಟ ಮಾತ್ರ ಸಲೀಸಾಗಿ ಓಡುತ್ತದೆ, ಅಡ್ಡ ದಾಟುವುದು ಕಷ್ಟ. ಆದ್ದರಿಂದ ಭೂಮಿಗೆ ಬಂದು ಮುಟ್ಟುವ ರೇಖೆಯ ಬುಡ ಸೂರ್ಯನ ಮೇಲೆ ಎಲ್ಲಿದೆ ಎಂಬುದೇ ಪ್ರಶ್ನೆ.

ಬುಡದ ರೇಖಾಂಶ: 24,500 ಅನ್ನು ಆ ದಿನದ ಸೌರಗಾಳಿಯ ವೇಗದಿಂದ (ಕಿ.ಮೀ./ಸೆ.) ಭಾಗಿಸಿ. 400 ಇದ್ದರೆ ಪಶ್ಚಿಮ 61 ಡಿಗ್ರಿ. 300 ಇದ್ದರೆ 82, ಬಹುತೇಕ ಅಂಚು. 600 ಇದ್ದರೆ 41. ಗಾಳಿಯ ವೇಗ ಎಲ್1 (ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಬಿಂದು) ನೌಕೆಗಳ ಪಟದಲ್ಲಿ ಸಿಗುತ್ತದೆ. ಒಂದು ನಿಮಿಷದ ಅಂಕಿ ಹಿಡಿಯಬೇಡಿ, ಕೆಲವು ತಾಸಿನ ಸರಾಸರಿ ಹಿಡಿಯಿರಿ.

ದಾರಿಯ ಉದ್ದ: 400 ಕಿ.ಮೀ./ಸೆ. ಗಾಳಿಯಲ್ಲಿ ಸುರುಳಿ ಸೂರ್ಯ-ಭೂಮಿ ದೂರದ 1.17 ಪಟ್ಟು. ಬೆಳಕೇ ಆ ದಾರಿಯಲ್ಲಿ ಬಂದರೆ 9.7 ನಿಮಿಷ. ಇದನ್ನು ಕಣದ ವೇಗದಿಂದ (ಬೆಳಕಿನ ಪಾಲಿನಲ್ಲಿ) ಭಾಗಿಸಿ.

1 ಜಿಇವಿ ಪ್ರೋಟಾನ್, 0.875 ಪಾಲು: 11 ನಿಮಿಷ
100 ಎಂಇವಿ, 0.43 ಪಾಲು: 23 ನಿಮಿಷ
10 ಎಂಇವಿ, 0.145 ಪಾಲು: 67 ನಿಮಿಷ
1 ಎಂಇವಿ, 0.046 ಪಾಲು: ಮೂರೂವರೆ ತಾಸು

ಒಂದೇ ಹೊತ್ತಿಗೆ ಕಲಬುರಗಿಯಿಂದ ಗಾಣಗಾಪುರಕ್ಕೆ ಮೋಟರ್ ಸೈಕಲ್, ಟಂಟಂ, ಪಾದಯಾತ್ರೆ ಮೂರೂ ಹೊರಟರೆ ಮುಟ್ಟುವ ಹೊತ್ತು ಬೇರೆ ಬೇರೆ ತಾನೆ. ಮುಟ್ಟಿದ ಹೊತ್ತುಗಳನ್ನು ಹಿಂದಕ್ಕೆ ಎಳೆದರೆ ಹೊರಟ ಹೊತ್ತು ಸಿಗುತ್ತದೆ. ಆಘಾತ ಸೂರ್ಯನ ನಡುವಿನಿಂದ 2ರಿಂದ 4 ಸೌರ ತ್ರಿಜ್ಯ ಎತ್ತರದಲ್ಲಿ ಇರುವಾಗಲೇ ಜಿಇವಿ ಕಣ ಹೊರಡುತ್ತವೆ ಎಂದು ತಿಳಿದದ್ದು ಇಂಥ ಲೆಕ್ಕದಿಂದಲೇ.

ಅಪ್ಪನ ಕೆರಿ, ಕಲಬುರಗಿ

ಅಂದ್ರ ಎಕ್ಸ್-ಕಿರಣದ ಪಟದಾಗ ಜ್ವಾಲೆ ಕಂಡ ಮ್ಯಾಲ 23 ನಿಮಿಷಕ್ಕ 100 ಎಂಇವಿ ಕಣ ಬರ್ತಾವ, ಹೌದಿಲ್ರಿ?

ಕಡಗಂಚಿ ಕ್ರಾಸ್

ಅಲ್ಲ. ಪಟದಲ್ಲಿ ಜ್ವಾಲೆ ಕಾಣುವ ಹೊತ್ತಿಗೆ 8.3 ನಿಮಿಷ ಆಗಲೇ ಕಳೆದಿರುತ್ತದೆ, ಅದನ್ನು ಕಳೆಯಿರಿ. 100 ಎಂಇವಿಗೆ ಸುಮಾರು 14 ನಿಮಿಷ, 10 ಎಂಇವಿಗೆ 59, 1 ಜಿಇವಿಗೆ ಮೂರೇ ನಿಮಿಷ. ಇದೂ ಕನಿಷ್ಠ ಮಿತಿ: ಕಣ ಜ್ವಾಲೆಯ ಜೊತೆಗೇ ಹೊರಟು, ದಾರಿಯಲ್ಲಿ ಚೆದುರದೆ, ನೆಟ್ಟಗೆ ಬಂದರೆ. ಪಟದ ಸಮಯ ಯುಟಿಸಿಯಲ್ಲಿರುತ್ತದೆ, ನಮ್ಮದಕ್ಕೆ ಐದೂವರೆ ತಾಸು ಕೂಡಿಸಿ. ದಿನಾಂಕ ಬದಲಾಗುವುದನ್ನು ಮರೆತರೆ ಒಂದು ದಿನವೇ ತಪ್ಪುತ್ತದೆ.

ಬೈನಾಕ್ಯುಲರಿನಿಂದ ಕಾಗದದ ಮೇಲೆ ಸೂರ್ಯಬಿಂಬ ಬೀಳಿಸಿ ಕಲೆ ನೋಡುವವರಿಗೆ: ಪಶ್ಚಿಮ ಅಂಚು ಬಲಗಡೆ ಎಂದು ಬಾಯಿಪಾಠ ಮಾಡಬೇಡಿ. ನಮ್ಮ ಅಕ್ಷಾಂಶದಲ್ಲಿ ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ, ಎಡ-ಬಲ ಅದಲುಬದಲು. ಬೈನಾಕ್ಯುಲರನ್ನು ಅಲುಗಿಸದೆ ಬಿಟ್ಟು ನೋಡಿ. ಬಿಂಬ ಸರಿಯುವಾಗ ಯಾವ ಅಂಚು ಮುಂದೆ ಹೋಗುತ್ತದೋ ಅದೇ ಪಶ್ಚಿಮ. ಕಣ್ಣಿಟ್ಟು ನೇರ ನೋಡುವುದು ಯಾವ ಕಾರಣಕ್ಕೂ ಬೇಡ.

ಬಿದ್ರಿ ಕುಸುರಿ, ಬೀದರ್

ಪಟ ಓದೋದು. ಅಮೆರಿಕದ ಗೋಸ್ ಉಪಗ್ರಹದ ಪ್ರೋಟಾನ್ ಪಟದಾಗ 10 ಎಂಇವಿ ಮ್ಯಾಲಿನ ಗೆರಿ ಹಿಡೀರಿ. ಚದರ ಸೆಂಟಿಮೀಟರಿಗಿ, ಸೆಕೆಂಡಿಗಿ, ಒಂದು ಸ್ಟೆರೇಡಿಯನ್ ಕೋನದಾಗ ಎಷ್ಟು ಕಣ ಅನ್ನೋದು ಅಳತಿ. 10 ದಾಟಿದ್ರ ಎಸ್1, 100ಕ್ಕ ಎಸ್2, ಹಿಂಗ ಹತ್ತು ಹತ್ತು ಪಟ್ಟು ಏರತಾ 1 ಲಕ್ಷಕ್ಕ ಎಸ್5. 2000ದ ಜುಲೈ 14ರ ಘಟನೆ 24,000 ಮುಟ್ಟಿತು, 2003ರ ಅಕ್ಟೋಬರ್ ಕೊನೀದು 29,500. ಎರಡೂ ಎಸ್4.

ಗೆರಿಯ ಆಕಾರ ನೋಡಿದ್ರ ಸ್ಫೋಟ ಎಲ್ಲಿ ಆಯಿತು ಅನ್ನೋದು ತಿಳೀತದ. ಪಶ್ಚಿಮಕ್ಕ ಇದ್ದರ ಗೋಡಿಯಂಗ ನೆಟ್ಟಗ ಏರಿ ಮೆಲ್ಲಗ ಇಳೀತದ. 2005ರ ಜನವರಿ 20, ಪಶ್ಚಿಮ 61 ಡಿಗ್ರಿ, ಎಕ್ಸ್7.1. ಬರೋಬ್ಬರಿ ಬುಡದ ಮ್ಯಾಲೇ ಕೂತಿತ್ತು. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡು ದಾಟಿದ ಹೊತ್ತು, ಜ್ವಾಲೆಯ ಬೆಳಕು ಶಿಖರ ಮುಟ್ಟೋದ್ರೊಳಗೇ ಧ್ರುವದ ಕಡಿ ನ್ಯೂಟ್ರಾನ್ ಯಂತ್ರ ಹಲವು ಪಟ್ಟು ಏರಿದ್ದವು. ನಡುವಿಂದ ಎದ್ದಿದ್ದರ ಏರಿಕೆ ನಿಧಾನ, ಶಿಖರ ಆಘಾತ ಬಂದು ಮುಟ್ಟೋ ಹೊತ್ತಿಗಿ. 2003ರ ಅಕ್ಟೋಬರ್ 28ರ ಎಕ್ಸ್17 ಪೂರ್ವ 8 ಡಿಗ್ರಿಯದು, ಕಣದ ಶಿಖರ ಮರುದಿನ. ಪೂರ್ವ ಅಂಚಿನಿಂದ ಎದ್ದಿದ್ದು ಭಾಳ ಸಲ ಖಾಲಿ. ಬಂದರೂ ದಿನ ಬಿಟ್ಟು, ಮೆಲ್ಲಗ.

ಎಡವೋ ಜಾಗ ಎರಡು. ಕರೋನಾಗ್ರಾಫಿನ (ಸೂರ್ಯಬಿಂಬ ಮರಿ ಮಾಡಿ ಸುತ್ತಲಿಂದು ತೋರಸೋ ಕ್ಯಾಮೆರಾದ) ಚಿತ್ರದಾಗ ಬಿಳಿ ಚುಕ್ಕಿ ಹಿಮದಂಗ ಸುರಿದ್ರ ಅದು ಸಿಎಂಇ ಅಲ್ಲ, ಪ್ರೋಟಾನು ಕ್ಯಾಮೆರಾದ ಚಿಪ್ಪಿಗೇ ಬಡೀಲಿಕತ್ತಾವ. ಆಗ ಸಿಎಂಇ ವೇಗ ಅಳೆಯೋದೇ ಕಷ್ಟ, ಬೇಕಾದ ಹೊತ್ತಿನಾಗೇ ಕಣ್ಣು ಮಂಜು. ಎರಡನೇದು, ಎಸ್ ಅಳತಿ 10 ಎಂಇವಿ ಮ್ಯಾಲಿನ ಒಟ್ಟು ಎಣಿಕೆ ಮಾತ್ರ. ಎಸ್3 ಇದ್ದರೂ 100 ಎಂಇವಿ ಗೆರಿ ಏಳದಿದ್ರ ವಿಮಾನದವರಿಗಿ ಅಷ್ಟು ಚಿಂತಿ ಇಲ್ಲ. ಕಮ್ಮಿ ಎಸ್ ಇದ್ದರೂ 100ರ ಗೆರಿ ಜೋರ ಎದ್ದರ ಅದನ್ನ ಗಮನಿಸಬೇಕು.

ಅಪ್ಪನ ಕೆರಿ, ಕಲಬುರಗಿ

ಇಷ್ಟೆಲ್ಲಾ ಆದ ಮ್ಯಾಲ ಅವು ಕಲಬುರಗಿಗಿ ಇಳೀತಾವ ಇಲ್ಲೋ?

ಕಡಗಂಚಿ ಕ್ರಾಸ್

ಇಳಿಯುವುದಿಲ್ಲ ಎಂದೇ ತಿಳಿಯಿರಿ. ಕಾಂತ ಸಮಭಾಜಕ ತಮಿಳುನಾಡಿನ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ, ನಾವು ಅದಕ್ಕೆ ಬಹಳ ಸಮೀಪ. ಇಲ್ಲಿ ಭೂಮಿಯ ಕಾಂತರೇಖೆ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರ. ಮೇಲಿನಿಂದ ಬರುವ ಕಣ ರೇಖೆಯನ್ನು ಅಡ್ಡಡ್ಡ ಸೀಳಬೇಕು. ಅದಕ್ಕೆ ಬೇಕಾದ ಕನಿಷ್ಠ ಬಿರುಸು ದಕ್ಷಿಣ ಭಾರತದಲ್ಲಿ ಸುಮಾರು 17 ಗಿಗಾವೋಲ್ಟ್, ಭೂಮಿಯ ಮೇಲೆ ಇದಕ್ಕಿಂತ ಎತ್ತರದ ಬೇಲಿ ಇಲ್ಲ ಎನ್ನಬಹುದು. ಪ್ರೋಟಾನಿಗೆ ಅದು 16 ಜಿಇವಿ. ಸೂರ್ಯನ ದೊಡ್ಡ ಘಟನೆಯಲ್ಲೂ ಸಾಮಾನ್ಯವಾಗಿ ಕೆಲವೇ ಜಿಇವಿ. ಧ್ರುವದ ಹತ್ತಿರ ರೇಖೆ ನೆಟ್ಟಗೆ ನಿಂತಿರುತ್ತದೆ, ಅಲ್ಲಿ ಬಾಗಿಲು ತೆರೆದಂತೆ. ಅದಕ್ಕೇ ಧ್ರುವ ದಾಟುವ ವಿಮಾನಗಳು ದಾರಿ ಬದಲಿಸುವುದು. ಬೀದರಿನಿಂದ ಬೆಂಗಳೂರಿಗೆ ಹಾರುವವರಿಗೆ ಈ ತಲೆಬಿಸಿ ಇಲ್ಲ.

ಮೊಬೈಲ್ ಆಫ್ ಮಾಡಿ ಮಲಗಿ ಎಂಬ ಫಾರ್ವರ್ಡನ್ನು ಅಳಿಸಿಬಿಡಿ.

ಆದರೆ ಉಪಗ್ರಹಕ್ಕೆ ಈ ರಕ್ಷಣೆ ಅಷ್ಟಿಲ್ಲ. ಭೂಸ್ಥಿರ ಕಕ್ಷೆಯಲ್ಲಿ ಸೌರಫಲಕ ಬೇಗ ಮುಪ್ಪಾಗುತ್ತದೆ, ನಕ್ಷತ್ರ ನೋಡಿ ದಿಕ್ಕು ಹಿಡಿಯುವ ಕ್ಯಾಮೆರಾ ಚುಕ್ಕಿಗಳಲ್ಲಿ ದಾರಿ ತಪ್ಪುತ್ತದೆ, ಮೆಮೊರಿಯ ಸೊನ್ನೆ ಒಂದಾಗುತ್ತದೆ. 1972ರ ಆಗಸ್ಟ್ 4ರ ಬಿರುಗಾಳಿ ಏಪ್ರಿಲ್‌ನ ಅಪೊಲೊ 16 ಮತ್ತು ಡಿಸೆಂಬರ್‌ನ ಅಪೊಲೊ 17ರ ನಡುವೆ ಬಿತ್ತು. ಆ ಸಿಎಂಇ 14.6 ತಾಸಿನಲ್ಲಿ ಭೂಮಿಗೆ ಬಂದಿತ್ತು.

ತೊಗರಿ ಕಣ, ಕಲಬುರಗಿ

ಹಂಗಾದ್ರ ಶಾಲಿ ಹುಡುಗರಿಗಿ, ವಿಜ್ಞಾನ ಕೇಂದ್ರದಾಗ ತೋರಸಲಿಕ್ಕ ಇಲ್ಲಿ ಕೂತು ಏನು ಅಳೀಬಹುದು?

ಭೀಮಾ ದಂಡಿ, ಯಾದಗಿರಿ

ಕಣವನ್ನಲ್ಲ, ಅದರ ಅಕ್ಕಪಕ್ಕದ ಎರಡು ಸಂಗತಿ ಅಳೆಯಬಹುದು.

ಜ್ವಾಲೆಯ ಎಕ್ಸ್-ಕಿರಣ. ಅದು ಅಯಾನುಗೋಳದ ಕೆಳಪದರವನ್ನು ಗಟ್ಟಿ ಮಾಡಿದಾಗ ಅತಿ ಕಡಿಮೆ ಆವರ್ತನದ ರೇಡಿಯೋ ಬಲ ಥಟ್ಟನೆ ಏರುತ್ತದೆ ಇಲ್ಲವೇ ಇಳಿಯುತ್ತದೆ. ತಿರುನೆಲ್ವೇಲಿ ಬಳಿಯ ವಿಜಯನಾರಾಯಣಂ ನೌಕಾ ಕೇಂದ್ರ 18.2 ಕಿಲೋಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತದೆ, ಕಲಬುರಗಿಯಿಂದ ಬಹುತೇಕ ನೇರ ದಕ್ಷಿಣಕ್ಕೆ ಸುಮಾರು 1,000 ಕಿ.ಮೀ. ಕಟ್ಟಿಗೆ ಅಥವಾ ಪಿವಿಸಿ ಪೈಪಿನ 1 ಮೀಟರ್ ಚೌಕಟ್ಟಿಗೆ ಎನಾಮೆಲ್ ತಾಮ್ರದ ತಂತಿ 50 ಸುತ್ತು. ಮೋಟರ್ ವೈಂಡಿಂಗ್ ಅಂಗಡಿಯ ತಂತಿಯೇ ಸಾಕು. ಕಬ್ಬಿಣದ ಚೌಕಟ್ಟು ಬೇಡ, ಅದೇ ಮುಚ್ಚಿದ ಸುತ್ತಾಗಿ ಸಿಗ್ನಲ್ ತಿನ್ನುತ್ತದೆ. ಚೌಕಟ್ಟನ್ನು ಉತ್ತರ-ದಕ್ಷಿಣವಾಗಿ ನಿಲ್ಲಿಸಿ. ಪೂರ್ವ-ಪಶ್ಚಿಮ ಇಟ್ಟರೆ ಏನೂ ಸಿಗದು. ತುದಿಗಳನ್ನು ಸಣ್ಣ ಪ್ರಿ-ಆಂಪ್ ಮೂಲಕ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಕೊಟ್ಟು 48 ಕಿಲೋಹರ್ಟ್ಸ್ ವೇಗದಲ್ಲಿ ದಾಖಲಿಸಿ.

ಕೆಡಿಸುವವು ಮನೆಯೊಳಗೇ ಇವೆ: ಮೊಬೈಲ್ ಚಾರ್ಜರ್, ಎಲ್ಇಡಿ ಬಲ್ಬಿನ ಡ್ರೈವರ್, ಇನ್ವರ್ಟರ್. ಕರೆಂಟ್ ಹೋಗಿ ಇನ್ವರ್ಟರ್ ಹೊತ್ತಿದ ಕೂಡಲೇ ಗೆರೆ ಜಿಗಿಯುತ್ತದೆ, ಅದನ್ನೇ ಜ್ವಾಲೆ ಎಂದು ಬರೆದುಕೊಳ್ಳುತ್ತಾರೆ. ಜ್ವಾಲೆಯ ಗೆರೆ ಕೆಲವೇ ನಿಮಿಷದಲ್ಲಿ ಏರಿ ಅರ್ಧದಿಂದ ಒಂದು ತಾಸಿನಲ್ಲಿ ಬಾಗಿ ಇಳಿಯುತ್ತದೆ, ಇನ್ವರ್ಟರಿನದು ಮೆಟ್ಟಿಲು. ಸೂರ್ಯೋದಯ, ಸೂರ್ಯಾಸ್ತದ ಬದಲಾವಣೆ ಪ್ರತಿದಿನ ಕಂಡರೆ ಯಂತ್ರ ಸರಿ ಇದೆ. ಪ್ರಸಾರ ಕೆಲವು ಸಲ ನಿಲ್ಲುವುದೂ ಉಂಟು. ರಾತ್ರಿ ಜ್ವಾಲೆ ಕಾಣುವುದಿಲ್ಲ.

ಬಿದ್ರಿ ಕುಸುರಿ, ಬೀದರ್

ಎರಡನೇದು ಮ್ಯೂಆನು, ಅಂದ್ರ ವಿಶ್ವಕಿರಣ ನಮ್ಮ ಗಾಳಿಗಿ ಬಡದಾಗ ಹುಟ್ಟಿ ನೆಲದ ತನಕ ಬರೋ ಕಣ. ಸಿಎಂಇ ಬಂದಾಗ ಗ್ಯಾಲಕ್ಸಿಯ ಕಡಿಂದ ಬರೋ ವಿಶ್ವಕಿರಣನ ಬದಿಗಿ ಸರಸತದ, ನೆಲದ ಎಣಿಕೆ ಶೇಕಡಾ ಕೆಲವು ಇಳೀತದ. ಫೋರ್‌ಬುಷ್ ಇಳಿಕೆ ಅಂತಾರ. ಊಟಿಯ ಗ್ರೇಪ್ಸ್-3 ಮ್ಯೂಆನ್ ಯಂತ್ರ 560 ಚದರ ಮೀಟರಿಂದು, 2015ರ ಜೂನ್ 22ಕ್ಕ ಅದಕ್ಕ ಉಲ್ಟಾ ಕಂಡಿತು. ಭೂಮಿಯ ಬೇಲಿ ಸ್ವಲ್ಪ ಹೊತ್ತು ತಗ್ಗಿ ಮ್ಯೂಆನ್ ಹೆಚ್ಚಾದವು. ಅವೂ ಸೂರ್ಯನ ಕಣ ಅಲ್ಲ, ಗ್ಯಾಲಕ್ಸಿಯವೇ.

ಎರಡು ಗೈಗರ್ ನಳಿಕಿ ಕಟ್ಟಿ ಇದನ್ನ ನೋಡತೀನಿ ಅಂದ್ರ ಆಗಂಗಿಲ್ರಿ. ಶೇ. 3 ಇಳಿಕೆ ನಂಬಬೇಕಾದ್ರ ತಪ್ಪು ಶೇ. 1ರೊಳಗ ಇರಬೇಕು, ಅಂದ್ರ ಕನಿಷ್ಠ 10,000 ಎಣಿಕೆ. ಜೋಡಿ ನಳಿಕಿ ನಿಮಿಷಕ್ಕ ಮೂರು ಎಣಿಸಿದ್ರ ಎರಡು ದಿನದ ಮ್ಯಾಲ ಬೇಕು, ಅಷ್ಟರಾಗ ಘಟನೆಯ ಜೋರೇ ಇಳದಿರ್ತದ. ನೆಲಮಟ್ಟಕ್ಕ ಚದರ ಸೆಂಟಿಮೀಟರಿಗಿ ನಿಮಿಷಕ್ಕ ಸುಮಾರು ಒಂದು ಮ್ಯೂಆನ್. 30 ಸೆಂ.ಮೀ. ಚೌಕದ ಎರಡು ಸಿಂಟಿಲೇಟರ್ (ಕಣ ಬಡದ್ರ ಮಿಂಚೋ) ಹಲಗಿ ಮ್ಯಾಲ ಕೆಳಗ ಇಟ್ಟು, ಎರಡರಾಗೂ ಒಟ್ಟಿಗಿ ಬಿದ್ದವನ್ನಷ್ಟೇ ಎಣಿಸಿದ್ರ ತಾಸಿಗಿ 25,000 ದಾಟತದ. ಅದು ಸಾಕು.

ನಮ್ಮ ಕಡಿ ಮುಖ್ಯ ವೈರಿ ಬಿಸಿಲು. ಹಲಗಿಗಿ ಹಚ್ಚೋ ಸಿಲಿಕಾನ್ ಬೆಳಕು-ಗ್ರಾಹಕಕ್ಕ ಒಂದು ಡಿಗ್ರಿ ಏರಿದ್ರ ಕೆಲಸದ ವೋಲ್ಟೇಜ್ 20ರಿಂದ 50 ಮಿಲಿವೋಲ್ಟ್ ಮ್ಯಾಲ ಸರೀತದ. ಕೊಡೋ ವೋಲ್ಟೇಜ್ ಅಷ್ಟೇ ಇದ್ದರ ಗಳಿಕಿ ಇಳೀತದ. ಮೇ ತಿಂಗಳಾಗ ಮಾಳಿಗಿ ಮ್ಯಾಲ ಇಟ್ಟರ ಹಗಲು ರಾತ್ರಿ ಇಪ್ಪತ್ತು ಡಿಗ್ರಿ ಫರಕ, ದಿನಾಲೂ ಮಧ್ಯಾಹ್ನ ಒಂದು ಸುಳ್ಳು ಫೋರ್‌ಬುಷ್ ಇಳಿಕೆ! ನೆಲಮನಿಯಾಗ ಇಡ್ರಿ, ಉಷ್ಣತಾ ಸೆನ್ಸರ್ ಜೊತಿಗಿ ಇಟ್ಟು ವೋಲ್ಟೇಜ್ ತಿದ್ರಿ. ಗಾಳಿ ಒತ್ತಡವೂ ಬರಕೋರಿ. ಒಂದು ಹೆಕ್ಟೋಪಾಸ್ಕಲ್ ಏರಿದ್ರ ಮ್ಯೂಆನ್ ಶೇ. 0.1ರಿಂದ 0.2 ಇಳೀತಾವ.

ಅಪ್ಪನ ಕೆರಿ, ಕಲಬುರಗಿ

ಆದಿತ್ಯ-ಎಲ್1 ಅಲ್ಲೇ ಕೂತದಲ್ರಿ, ಅದು ಮೊದಲೇ ಹೇಳಂಗಿಲ್ಲೇನು?

ಕಡಗಂಚಿ ಕ್ರಾಸ್

ಏನನ್ನು ಹೇಳಬೇಕು ಎಂಬುದರ ಮೇಲೆ. ಎಲ್1 ಇಲ್ಲಿಂದ 15 ಲಕ್ಷ ಕಿ.ಮೀ. ಪ್ಲಾಸ್ಮಾ ಮೋಡ 400 ಕಿ.ಮೀ./ಸೆ. ಬಂದರೆ ಅಲ್ಲಿಂದ ಭೂಮಿಗೆ ಒಂದು ತಾಸು, 800ಕ್ಕೆ ಅರ್ಧ ತಾಸು. ಅಷ್ಟು ಮುನ್ಸೂಚನೆ ಖಚಿತ. ಜಿಇವಿ ಪ್ರೋಟಾನು ಅದೇ ದೂರವನ್ನು ಆರು ಸೆಕೆಂಡಿನಲ್ಲಿ ದಾಟುತ್ತದೆ, ಅದಕ್ಕೆ ಎಲ್1 ಎಚ್ಚರಿಕೆ ಲೆಕ್ಕಕ್ಕಿಲ್ಲ. ಆದಿತ್ಯ-ಎಲ್1ರ ಆಸ್ಪೆಕ್ಸ್ ಉಪಕರಣದ ಸ್ಟೆಪ್ಸ್ ಭಾಗ ಅಳೆಯುವುದು ನ್ಯೂಕ್ಲಿಯಾನಿಗೆ 20 ಕೆಇವಿಯಿಂದ 5 ಎಂಇವಿವರೆಗೆ. ಎಸ್ ಅಳತೆಯ 10 ಎಂಇವಿ ಅದರ ಮಿತಿಯ ಹೊರಗೆ. ಆದರೆ ಮೇಲೆ ಹೇಳಿದ ಬೀಜದ ಕಣ, ಆಘಾತ ಬಂದು ಮುಟ್ಟುವಾಗಿನ ಉಬ್ಬು, ಎರಡೂ ಅದರ ಮಿತಿಯೊಳಗೇ ಬೀಳುತ್ತವೆ. ಬೇರೆ ಬೇರೆ ದಿಕ್ಕಿನಿಂದ ಬರುವ ಕಣಗಳನ್ನು ಬೇರೆಯಾಗಿ ಅಳೆಯುವುದು ಅದರ ಹೆಚ್ಚುಗಾರಿಕೆ.

ಪ್ರೋಟಾನಿಗೆ ಮುನ್ಸೂಚನೆ ಬೇಕಾದರೆ ಎಲೆಕ್ಟ್ರಾನ್ ನೋಡಬೇಕು. 1 ಎಂಇವಿ ಎಲೆಕ್ಟ್ರಾನ್ ಬೆಳಕಿನ 0.94 ಪಾಲು ಓಡುತ್ತದೆ, ಅದೇ ಸುರುಳಿಯಲ್ಲಿ 10 ನಿಮಿಷ ಚಿಲ್ಲರೆ. ಹತ್ತಾರು ಎಂಇವಿ ಪ್ರೋಟಾನಿಗಿಂತ ಮೊದಲೇ ಬರುತ್ತದೆ. ಅದು ಏರುವ ಬಿರುಸು ನೋಡಿ ಹಿಂದೆ ಬರುವ ಪ್ರೋಟಾನಿನ ಮಟ್ಟ ಅಂದಾಜು ಮಾಡುವ ವಿಧಾನ ಬಳಕೆಯಲ್ಲಿದೆ, ಚೆನ್ನಾಗಿ ನಡೆದರೆ ಒಂದು ತಾಸಿನವರೆಗೆ ಮುಂಚೆ ತಿಳಿಯುತ್ತದೆ.

ತೊಗರಿ ಕಣ, ಕಲಬುರಗಿ

ಒಂದು ಕೊನೀ ಸಂಶಯ. ತೊಗರಿಗಿ ಎಣ್ಣಿ ಹೊಡಿಯೋ ಡ್ರೋನು ಸಂಜಿ ಹೊತ್ತಿನಾಗ ಜಿಪಿಎಸ್ ಬಿಡತದಂತ, ಅದನ್ನೂ ಸೂರ್ಯನ ಕಣದ ತಲಿಗಿ ಕಟ್ಟತಾರ. ಹೌದೇನ್ರಿ?

ಭೀಮಾ ದಂಡಿ, ಯಾದಗಿರಿ

ಕಣ ಅಲ್ಲ. ಸಮಭಾಜಕದ ಹತ್ತಿರ ಸೂರ್ಯ ಮುಳುಗಿದ ಮೇಲೆ ಅಯಾನುಗೋಳದಲ್ಲಿ ಗುಳ್ಳೆ ಏಳುತ್ತವೆ, ಜಿಪಿಎಸ್ ಸಿಗ್ನಲ್ ಮಿನುಗುತ್ತದೆ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಜಾಸ್ತಿ, ಸಂಜೆ ಏಳೂವರೆಯಿಂದ ನಡುರಾತ್ರಿವರೆಗೆ. ಸಂಜೆ ಐದಕ್ಕೇ ಬಿಟ್ಟರೆ ಆಂಟೆನಾ, ಕೇಬಲ್ ನೋಡಿ.